ಮೊದಲು ಅಂಚು ನೋಡಿ: ಕಾಂಗ್ಲೊಮರೇಟ್ ಮತ್ತು ಬ್ರೆಚಿಯಾ

ಎಲ್ಲರಿಗೂ ನಮಸ್ಕಾರ. ಸ್ಕ್ರೀನ್ ಮೇಲಿರುವ ಈ ಎರಡು ಕಲ್ಲುಗಳನ್ನು ನೋಡಿ. ಎರಡರ ಮೈತುಂಬ ಬೇರೆ ಕಲ್ಲಿನ ತುಂಡುಗಳು. ನಡುವೆ ಮರಳು, ಕೆಸರು ತುಂಬಿ ಗಟ್ಟಿಯಾಗಿದೆ. ದೂರದಿಂದ ಎರಡೂ ಒಂದೇ ಅನ್ನಿಸುತ್ತವೆ, ಅಲ್ವಾ? ಆದರೆ ಎಡಗಡೆಯದು ಕಾಂಗ್ಲೊಮರೇಟ್, ಬಲಗಡೆಯದು ಬ್ರೆಚಿಯಾ.

ಗಾತ್ರದಿಂದ ಇವನ್ನು ಬೇರೆ ಮಾಡಲು ಆಗುವುದಿಲ್ಲ. ಎರಡರಲ್ಲೂ ತುಂಡುಗಳು 2 ಮಿಲಿಮೀಟರ್‌ಗಿಂತ ದೊಡ್ಡವು. ಬಣ್ಣವೂ ಲೆಕ್ಕಕ್ಕಿಲ್ಲ. ನೋಡಬೇಕಾದದ್ದು ತುಂಡುಗಳ ಅಂಚನ್ನು. ಅಂಚು ಸವೆದು ನುಣುಪಾಗಿದ್ದರೆ ಕಾಂಗ್ಲೊಮರೇಟ್. ಮೂಲೆಗಳು ಚೂಪಾಗಿಯೇ ಉಳಿದಿದ್ದರೆ ಬ್ರೆಚಿಯಾ.

ನನಗೆ ತುಂಬಾ ಇಷ್ಟವಾಗುವುದು ಇದರ ಹಿಂದಿನ ಕಾರಣ. ಬಂಡೆ ಒಡೆದಾಗ ತುಂಡುಗಳು ಚೂಪಾಗಿಯೇ ಇರುತ್ತವೆ. ಅವು ಬೆಟ್ಟದ ಬುಡದಲ್ಲೇ ರಾಶಿಯಾಗಿ, ಹೂತು, ಅಂಟಿಕೊಂಡರೆ ಬ್ರೆಚಿಯಾ ಆಗುತ್ತದೆ. ಅಂದರೆ ತುಂಡುಗಳು ಹೆಚ್ಚು ದೂರ ಹೋಗಿಲ್ಲ. ಹೊಳೆಗೋ ಕಡಲ ಅಲೆಗೋ ಸಿಕ್ಕರೆ ಒಂದಕ್ಕೊಂದು ಉಜ್ಜಿ, ಬಡಿದು, ಮೊದಲು ಮೂಲೆಗಳೇ ಸವೆಯುತ್ತವೆ. ತುಂಡು ಗೋಲಿಯಂತೆ ಆಗಬೇಕೆಂದೇನೂ ಇಲ್ಲ. ಚಪ್ಪಟೆಯಾಗಿದ್ದರೂ ಅಂಚು ನುಣುಪಾಗಿದ್ದರೆ ಸಾಕು.

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಸುಣ್ಣಕಲ್ಲು ಮೆದು, ಸ್ವಲ್ಪ ದೂರದಲ್ಲೇ ಸವೆಯುತ್ತದೆ. ಬೆಣಚುಕಲ್ಲು ಗಟ್ಟಿ, ಅದಕ್ಕೆ ತುಂಬಾ ಸಮಯ ಬೇಕು. ಹಾಗಾಗಿ ಸುಮ್ನೆ ಅಂಚು ನೋಡಿ ದೂರ ಅಳೆಯಬೇಡಿ. ತುಂಡು ಯಾವ ಕಲ್ಲಿನದು ಅಂತಲೂ ಕೇಳಿ. ಹಳೆಯ ಕಾಂಗ್ಲೊಮರೇಟ್ ಒಡೆದು ಅದರ ನುಣುಪು ಕಲ್ಲುಗಳೇ ಹೊಸದಕ್ಕೆ ಸೇರಿರುವುದೂ ಉಂಟು. ಇನ್ನು ಬ್ರೆಚಿಯಾ ಅನ್ನುವ ಹೆಸರು ಬರೀ ಪದರಶಿಲೆಗಳದ್ದಲ್ಲ, ಅಂದರೆ ಹೀಗೆ ತುಂಡು, ಮರಳು, ಕೆಸರು ರಾಶಿಯಾಗಿ ಗಟ್ಟಿಯಾದ ಕಲ್ಲುಗಳದ್ದಷ್ಟೇ ಅಲ್ಲ. ಭೂಮಿ ಬಿರುಕು ಬಿಟ್ಟು ಜಾರಿದಲ್ಲಿ, ಉಲ್ಕೆ ಅಪ್ಪಳಿಸಿದಲ್ಲಿ ಪುಡಿಯಾದ ಕಲ್ಲಿಗೂ ಅದೇ ಹೆಸರು.

ಅಂಚು ನೋಡುವುದರಿಂದ ಎಷ್ಟು ತಿಳಿಯುತ್ತದೆ ಅನ್ನುವುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಮಂಗಳ ಗ್ರಹದ್ದು. 2012ರಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರ್ ಗೇಲ್ ಕುಳಿಯಲ್ಲಿ ಕಾಂಗ್ಲೊಮರೇಟ್‌ನ ಫೋಟೋ ತೆಗೆಯಿತು. ಅದರಲ್ಲಿದ್ದ ಕಲ್ಲುಗಳು ಸವೆದು ದುಂಡಾಗಿದ್ದವು. ಅಷ್ಟು ದಪ್ಪ ಕಲ್ಲುಗಳನ್ನು ಹೊತ್ತು ಸಾಗಿಸಲು ಗಾಳಿಯ ಕೈಲಾಗುವುದಿಲ್ಲ. ಹಾಗಾದರೆ ಅಲ್ಲಿ ಒಂದು ಕಾಲದಲ್ಲಿ ನೀರು ಹರಿದಿರಲೇಬೇಕು. ಪಾದ ಮುಳುಗುವಷ್ಟರಿಂದ ಹಿಡಿದು ಸೊಂಟ ಮುಟ್ಟುವಷ್ಟರವರೆಗೆ ನೀರಿನ ಆಳ, ಸೆಕೆಂಡಿಗೆ ಸುಮಾರು 1 ಮೀಟರ್ ವೇಗ ಅಂತ ವಿಜ್ಞಾನಿಗಳು ಅಂದಾಜು ಮಾಡಿದರು. ಅದೂ ಆ ಕಲ್ಲುಗಳ ಗಾತ್ರ, ಆಕಾರ ನೋಡಿಯೇ!