ಸ್ವಿಚ್‌ನ ಕಾನ್ಫಿಗ್ ಸರ್ವರ್ ಸೇರಿದರೆ ಸಾಲದು

ನಮಸ್ಕಾರ. ಮೇಜಿನ ಮೇಲೆ ಈಗ ನೀವು ನೋಡುತ್ತಿರುವುದು ಸಿಸ್ಕೋದ ಹಳೆಯ ಕ್ಯಾಟಲಿಸ್ಟ್ 2960 ಸ್ವಿಚ್, ಅಂದರೆ ಕಂಪ್ಯೂಟರ್‌ಗಳನ್ನು ಒಂದು ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆ. ಇದರ ಸೆಟ್ಟಿಂಗ್‌ಗಳೆಲ್ಲ ಇರುವ ಕಾನ್ಫಿಗರೇಶನ್ ಫೈಲ್ (ಕಾನ್ಫಿಗ್) ಬೇರೆಡೆ ಇರುವ ಲಿನಕ್ಸ್ ಸರ್ವರ್‌ಗೆ ತಾನಾಗಿಯೇ ಹೋಗಿ ಸೇರುವಂತೆ ಮಾಡುವುದು ಈ ವಿಡಿಯೊದ ಕೆಲಸ. ನಾವು ಟೈಪ್ ಮಾಡಿದ್ದೆಲ್ಲ ಮೊದಲು ರ್‍ಯಾಮ್‌ನಲ್ಲಿರುವ ರನ್ನಿಂಗ್-ಕಾನ್ಫಿಗ್‌ಗೆ ಸೇರುತ್ತದೆ. ಸೇವ್ ಮಾಡಿದ ಮೇಲಷ್ಟೇ ಅದು, ಸ್ವಿಚ್ ಮತ್ತೆ ಆನ್ ಆದಾಗ ಓದಿಕೊಳ್ಳುವ ಸ್ಟಾರ್ಟ್‌ಅಪ್-ಕಾನ್ಫಿಗ್ ಆಗಿ ಉಳಿಯುತ್ತದೆ. ಎರಡೂ ಇರುವುದು ಒಂದೇ ಪೆಟ್ಟಿಗೆಯೊಳಗಾದ್ದರಿಂದ ಪೆಟ್ಟಿಗೆ ಸುಟ್ಟರೆ ಎರಡೂ ಹೋದಂತೆಯೇ. ಸುಡಲೇಬೇಕೆಂದೇನೂ ಇಲ್ಲ. 2018ರ ಏಪ್ರಿಲ್‌ನಲ್ಲಿ, ಹೊಸ ಸ್ವಿಚ್‌ಗಳನ್ನು ದೂರದಿಂದಲೇ ಸಜ್ಜುಗೊಳಿಸುವ ಸ್ಮಾರ್ಟ್ ಇನ್‌ಸ್ಟಾಲ್ ಸೌಲಭ್ಯದ 4786ನೇ ಟಿಸಿಪಿ ಪೋರ್ಟ್ (ನೆಟ್‌ವರ್ಕ್ ಬಾಗಿಲು) ಇಂಟರ್ನೆಟ್ಟಿಗೆ ತೆರೆದೇ ಇದ್ದ ಸ್ವಿಚ್‌ಗಳಿಗೆ ನುಗ್ಗಿದವರು, ಇರಾನ್ ಮತ್ತು ರಷ್ಯಾದಲ್ಲಿ ಕಾನ್ಫಿಗ್ ಅಳಿಸಿ, ಅದರ ಜಾಗದಲ್ಲಿ ಅಮೆರಿಕದ ಧ್ವಜದ ಚಿತ್ರವನ್ನು ಬಿಟ್ಟುಹೋಗಿದ್ದರು.

ಸುಲಭದ ದಾರಿ ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆಯ ವಿಧಾನ. 'ಕಾಪಿ ರನ್ನಿಂಗ್-ಕಾನ್ಫಿಗ್ ಟಿಎಫ್‌ಟಿಪಿ' ಎಂದು ಕೊಟ್ಟು ಸರ್ವರ್‌ನ ಐಪಿ ವಿಳಾಸ ಬರೆದರೆ, ಪರದೆಯ ಮೇಲೆ ಆಶ್ಚರ್ಯಸೂಚಕ ಚಿಹ್ನೆಗಳು ಮೂಡಿ, ಇಷ್ಟು ಬೈಟ್ ಕಾಪಿ ಆಯಿತು ಎಂಬ ಸಾಲು ಬರುತ್ತದೆ. ಆದರೆ ಟಿಎಫ್‌ಟಿಪಿ 'ನೀನು ಯಾರು' ಎಂದು ಕೇಳುವುದೂ ಇಲ್ಲ, ಸಾಗಿಸುವುದನ್ನು ಮುಚ್ಚಿಡುವುದೂ ಇಲ್ಲ. ಕಾನ್ಫಿಗ್‌ನೊಳಗೆ, ಸಾಧನದ ಮೇಲೆ ದೂರದಿಂದ ಕಣ್ಣಿಡುವ ಎಸ್‌ಎನ್‌ಎಂಪಿಗೆ ಪಾಸ್‌ವರ್ಡ್‌ನಂತಿರುವ ಕಮ್ಯುನಿಟಿ ಹೆಸರುಗಳು ಇರುತ್ತವೆ; ಸಿಸ್ಕೋದ ದುರ್ಬಲ ಗುಪ್ತಲಿಪಿಯಾದ ಟೈಪ್ 7ರಲ್ಲಿರುವ ಪಾಸ್‌ವರ್ಡ್‌ಗಳನ್ನಂತೂ ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದು. ಆದ್ದರಿಂದ ನಾನು ಆರಿಸಿಕೊಂಡಿರುವುದು ಎಸ್‌ಸಿಪಿ; ಅದು ಲಾಗಿನ್ ಕೇಳುತ್ತದೆ, ಸಾಗಿಸುವುದನ್ನು ಗುಪ್ತಲಿಪಿಯಲ್ಲಿ ಮುಚ್ಚಿಡುತ್ತದೆ.

ಈಗ ಕಾನ್ಫಿಗ್‌ನ ಪ್ರತಿಗಳನ್ನು ಉಳಿಸುವ ಆರ್ಕೈವ್ ಮೋಡ್‌ಗೆ ಹೋಗಿ ಮೂರು ಸಾಲು ಬರೆಯುತ್ತಿದ್ದೇನೆ. 'ಪಾತ್' ಸಾಲಿನಲ್ಲಿ ಸರ್ವರ್‌ನ ವಿಳಾಸವಿದೆ; ಫೈಲಿನ ಹೆಸರಿನಲ್ಲಿ ಡಾಲರ್-ಎಚ್ ಇದ್ದರೆ ಸ್ವಿಚ್‌ನ ಹೆಸರು, ಡಾಲರ್-ಟಿ ಇದ್ದರೆ ಸಮಯ ತಾನಾಗಿ ಸೇರುತ್ತದೆ. 'ರೈಟ್-ಮೆಮೊರಿ' ಎಂದರೆ ಸೇವ್ ಮಾಡಿದಾಗಲೆಲ್ಲ ಒಂದು ಪ್ರತಿ ಹೋಗುತ್ತದೆ. 'ಟೈಮ್-ಪೀರಿಯಡ್ 1440' ಎಂದರೆ ಅಷ್ಟು ನಿಮಿಷಗಳಿಗೊಮ್ಮೆ, ಅಂದರೆ ದಿನಕ್ಕೊಂದು ಸಲ. ಯಾರೋ ಬದಲಾಯಿಸಿ ಸೇವ್ ಮಾಡುವುದನ್ನು ಮರೆತದ್ದೂ ಇದರಲ್ಲಿ ಸಿಕ್ಕಿಬೀಳುವುದರಿಂದ ನನಗೆ ಇದೇ ಹೆಚ್ಚು ಮುಖ್ಯವೆನಿಸುತ್ತದೆ. ಪಾತ್ ಸಾಲಿನಲ್ಲಿ ಸರ್ವರ್‌ನ ಪಾಸ್‌ವರ್ಡ್ ಬರೆದಿದ್ದರೆ ಅದು ಕಾನ್ಫಿಗ್‌ನಲ್ಲಿ ಓದಿಕೊಳ್ಳುವಂತೆಯೇ ಉಳಿಯುತ್ತದೆ. ಹಾಗಾಗಿ ಈ ಒಂದು ಫೋಲ್ಡರಿಗಷ್ಟೇ ಬರೆಯಬಲ್ಲ ಪ್ರತ್ಯೇಕ ಬಳಕೆದಾರನನ್ನು ಸರ್ವರ್‌ನಲ್ಲಿ ಮಾಡಿಕೊಳ್ಳಿ.

ಇನ್ನು ವಾಪಸ್ ತರುವ ಮಾತು, ತೊಡಕಿರುವುದೇ ಇಲ್ಲಿ. ಫೈಲನ್ನು ರನ್ನಿಂಗ್-ಕಾನ್ಫಿಗ್‌ಗೆ ಕಾಪಿ ಮಾಡಿದರೆ ಅದು ಈಗಿರುವುದರ ಜೊತೆ ಬೆರೆಯುತ್ತದೆಯೇ ಹೊರತು ಹಳೆಯದನ್ನು ತೆಗೆಯುವುದಿಲ್ಲ. ನಿನ್ನೆ ತಪ್ಪಾಗಿ ಸೇರಿಸಿದ ಸಾಲು ಹಾಗೆಯೇ ಕುಳಿತಿರುತ್ತದೆ. ಈಗಿರುವುದನ್ನು ಪೂರ್ತಿ ಬದಲಿಸಲು 'ಕಾನ್ಫಿಗರ್ ರಿಪ್ಲೇಸ್' ಆದೇಶ ಬೇಕು. ಸ್ವಿಚ್ಚನ್ನೇ ಬದಲಾಯಿಸುವುದಾದರೆ ಮತ್ತೆರಡು ಕೊರತೆಗಳು ಎದುರಾಗುತ್ತವೆ. ವಿ-ಲ್ಯಾನ್ ಎಂದರೆ ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್; ಅವುಗಳ ಪಟ್ಟಿಯನ್ನು ಸ್ವಿಚ್‌ಗಳ ನಡುವೆ ಹಂಚುವುದು ವಿಟಿಪಿ. ವಿಟಿಪಿ ಸರ್ವರ್ ಮೋಡ್‌ನಲ್ಲಿರುವ ಸ್ವಿಚ್ ತನ್ನ ವಿ-ಲ್ಯಾನ್ ಪಟ್ಟಿಯನ್ನು ಫ್ಲ್ಯಾಶ್ ಮೆಮೊರಿಯಲ್ಲಿರುವ 'ವಿಲ್ಯಾನ್ ಡಾಟ್ ಡ್ಯಾಟ್' ಫೈಲ್‌ನಲ್ಲಿ ಇಡುತ್ತದೆ, ಕಾನ್ಫಿಗ್‌ನಲ್ಲಿ ಅಲ್ಲ. ಅದನ್ನೂ ಬೇರೆಯಾಗಿ ಸರ್ವರ್‌ಗೆ ಕಳುಹಿಸಿ. ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ಗೆ ಬೇಕಾದ ಆರ್‌ಎಸ್‌ಎ ಕೀಲಿಯೂ ಬ್ಯಾಕಪ್‌ನಲ್ಲಿ ಬರುವುದಿಲ್ಲ. ಎಲ್ಲ ಸರಿಯಿದ್ದರೂ ಲಾಗಿನ್ ಏಕೆ ಆಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಸ್ವಿಚ್‌ಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಹಾಕಿ 'ಕ್ರಿಪ್ಟೊ ಕೀ ಜನರೇಟ್ ಆರ್‌ಎಸ್‌ಎ' ಎಂದು ಕೊಡಿ.