ಬಣವೆಗೆ ಬೇಲಿ, ಎಲ್ಕ್‌ಗೆ ದಾರಿ

ಎಲ್ಲರಿಗೂ ನಮಸ್ಕಾರ. ಪಶುವೈದ್ಯರು, ಹೈನುಗಾರರು ತುಂಬಿರುವ ಸಭೆಗೆ ಕಂದು ರೋಗ, ಅಂದರೆ ಗಬ್ಬದ ಹಸು ದಿನ ತುಂಬುವ ಮುಂಚೆಯೇ ಕಂದು ಹಾಕುವ ಬ್ರುಸೆಲ್ಲೋಸಿಸ್, ಏನು ಎತ್ತ ಅಂತ ವಿವರಿಸುವುದು ಅಡುಗೆಭಟ್ಟರಿಗೆ ಒಗ್ಗರಣೆ ಹೇಳಿಕೊಟ್ಟ ಹಾಗೆ. ಅದನ್ನು ಬಿಟ್ಟು, ಆ ರೋಗ ಕಾಡಿನಿಂದ ಕೊಟ್ಟಿಗೆಗೆ ಇಳಿದುಬರುವ ಒಂದು ಜಾಗದ ಮಾತಾಡೋಣ. ಅಮೆರಿಕದ ಮೊಂಟಾನಾ ರಾಜ್ಯದ ಪ್ಯಾರಡೈಸ್ ಕಣಿವೆ. ಯೆಲ್ಲೊಸ್ಟೋನ್ ಉದ್ಯಾನದ ಉತ್ತರಕ್ಕಿದೆ. ಗಾರ್ಡಿನರ್ ಕಡೆಯಿಂದ ಲಿವಿಂಗ್‌ಸ್ಟನ್‌ವರೆಗೆ ನದಿಯ ಆಚೀಚೆ ದನ ಸಾಕುವವರ ರಾಂಚ್‌ಗಳು. ಬೇಸಿಗೆಯೆಲ್ಲ ಬೆಟ್ಟದ ಮೇಲಿರುವ ಎಲ್ಕ್‌ಗಳು ಹಿಮ ಬೀಳುತ್ತಿದ್ದಂತೆ ಹಿಂಡುಹಿಂಡಾಗಿ ಅಲ್ಲಿಗೆ ಇಳಿಯುತ್ತವೆ.

ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಪ್ಪನ ಮಗ ಅನ್ನಿ. ಇಲ್ಲಿನ ಬ್ರಿಟಿಷ್ ಶಿಕಾರಿಗಳು ಕಡವೆಯನ್ನೇ ‘ಎಲ್ಕ್’ ಅಂತ ಬರೆದಿಟ್ಟಿದ್ದಾರೆ. ಯುರೋಪಿನಲ್ಲಿ ಅದೇ ಹೆಸರು ಮೂಸ್‌ಗೆ. ಹಳೇ ಶಿಕಾರಿ ಪುಸ್ತಕ ಓದಿದವರು ತಲೆ ಕೆಡಿಸಿಕೊಳ್ಳಬೇಡಿ. ಗಂಡು 300 ಕೆಜಿ ದಾಟುತ್ತದೆ, ಹೆಣ್ಣು 220–240 ಕೆಜಿ. ಮೇವಿನ ಲೆಕ್ಕದಲ್ಲಿ ಮೂರು ಎಲ್ಕ್ ಅಂದರೆ ಹೆಚ್ಚುಕಡಿಮೆ ಎರಡು ಹಸು. ಹಸುವಿಗೆ ದಿನಕ್ಕೆ 12 ಕೆಜಿ ಒಣಮೇವು ಹಿಡಿದರೆ, ಮುನ್ನೂರು ಎಲ್ಕ್ ಒಂದು ದಿನ ನಿಂತಲ್ಲಿ ಎರಡೂವರೆ ಟನ್ ಹತ್ತಿರ ಹುಲ್ಲು ಹೋಯಿತು. ರಾಂಚಿನವರ ಹೊಟ್ಟೆ ಉರಿಯುವುದರಲ್ಲಿ ತಪ್ಪೇನಿಲ್ಲ.

ಹೊಟ್ಟೆ ಉರಿದವರು ಮೊದಲು ಮಾಡುವುದು ಇಡೀ ಜಮೀನಿಗೆ ಎತ್ತರದ ಬೇಲಿ. ಅಲ್ಲೇ ಎಡವುತ್ತಾರೆ. ಬೇಲಿ ಹಾಕಬೇಕಾದ್ದು ಬಣವೆಗೆ. ಜಮೀನಿನಲ್ಲಿ ಎಲ್ಕ್‌ಗೆ ದಾರಿ ಬಿಡಬೇಕು.

ಇದಕ್ಕೊಂದು ಹಳೇ ಕಥೆ ಇದೆ, ಸ್ವಲ್ಪ ಉದ್ದ, ಸಹಿಸಿಕೊಳ್ಳಿ. ಪಕ್ಕದ ವಯೋಮಿಂಗ್‌ನ ಜಾಕ್ಸನ್ ಹೋಲ್. 1909ರ ಆಸುಪಾಸಿನ ಚಳಿಗಾಲಗಳು. ಎಲ್ಕ್‌ಗಳು ಚಳಿಗಾಲ ಕಳೆಯುತ್ತಿದ್ದ ತಗ್ಗಿನ ಹುಲ್ಲುಗಾವಲೆಲ್ಲ ರಾಂಚ್ ಆಗಿತ್ತು. ಹಿಮ ಗಟ್ಟಿಯಾಗಿ ಕೂತಿತು, ಎಲ್ಕ್ ಸಾವಿರಗಟ್ಟಲೆ ಸತ್ತವು. ಬದುಕಿದ್ದವು ಬಣವೆಗೆ ನುಗ್ಗಿದವು. ತಮ್ಮ ದನಕ್ಕೆ ಇಟ್ಟ ಹುಲ್ಲು ಉಳಿಸಿಕೊಳ್ಳಲು ಜನ ಆ ಚಳಿಯಲ್ಲಿ ಬಣವೆಯ ಮೇಲೇ ಮಲಗುತ್ತಿದ್ದರು. ನಮ್ಮಲ್ಲಿ ರಾಗಿ ಹೊಲಕ್ಕೆ ಆನೆ ಬರುತ್ತದೆ ಅಂತ ಅಟ್ಟಣೆ ಮೇಲೆ ಕೂರುವವರಿಗೆ ಇದು ಅರ್ಥವಾಗುತ್ತದೆ. ಅಲ್ಲೇ ದನ ಸಾಕಿಕೊಂಡಿದ್ದ ಸ್ಟೀಫನ್ ಲೀಕ್ ಎಂಬಾತ ಕ್ಯಾಮೆರಾ ಹಿಡಿದು ಸಾಯುತ್ತಿದ್ದ ಎಲ್ಕ್‌ಗಳ ಚಿತ್ರ ತೆಗೆದ; ಊರೂರಿಗೆ ಹೋಗಿ ಪರದೆಯ ಮೇಲೆ ತೋರಿಸಿ ಭಾಷಣ ಮಾಡಿದ. (ಭಾಷಣದಿಂದ ಏನೂ ಆಗುವುದಿಲ್ಲ ಅನ್ನುವವರು ಕೇಳಿಸಿಕೊಳ್ಳಲಿ.) 1912ರಲ್ಲಿ ಅಲ್ಲಿ ರಾಷ್ಟ್ರೀಯ ಎಲ್ಕ್ ಆಶ್ರಯಧಾಮ ಆಯಿತು. ಚಳಿಗಾಲಕ್ಕೆ ಮೇವು ಹಾಕುವ ಪದ್ಧತಿಯೂ ಬೇರೂರಿತು. ಬಣವೆ ಉಳಿಯಿತು. ಆದರೆ ಒಂದೇ ಜಾಗದಲ್ಲಿ ಸಾವಿರಾರು ಪ್ರಾಣಿ ಮೂತಿಗೆ ಮೂತಿ ತಾಗಿಸಿ ತಿಂದರೆ ರೋಗ ಹೇಗೆ ಹರಡುತ್ತದೆ ಅಂತ ಈ ಸಭೆಗೆ ಹೇಳಬೇಕಾಗಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಬಣವೆ ಬೇಲಿ. ಎಂಟು ಅಡಿ ಎತ್ತರದ ಹೆಣೆದ ತಂತಿ ಜಾಲರಿ. ಏಳಕ್ಕೆ ನಿಲ್ಲಿಸಿ ದುಡ್ಡು ಉಳಿಸುವ ಹಾಗಿಲ್ಲ. ಮೂಲೆಗಂಬಕ್ಕೆ ಎರಡೂ ಕಡೆ ಆಸರೆ ಬೇಕು, ಇಲ್ಲದಿದ್ದರೆ ಜಾಲರಿ ಬಿಗಿದಾಗಲೇ ಅದು ವಾಲುತ್ತದೆ. ಗೇಟೂ ಅಷ್ಟೇ ಎತ್ತರ ಇರಬೇಕು. ಎಂಟಡಿ ಬೇಲಿಗೆ ನಾಲ್ಕಡಿ ಗೇಟು ಇಟ್ಟವರಿಗೂ ಅಲ್ಲಿ ಕೊರತೆಯಿಲ್ಲ! ಹುಲ್ಲಿನ ಉಂಡೆಗಳು ಜಾಲರಿಗೆ ಒರಗಬಾರದು. ಒರಗಿದರೆ ಎಲ್ಕ್ ಹೊರಗೆ ನಿಂತೇ ಬುಡದಿಂದ ಎಳೆದೆಳೆದು ತಿನ್ನುತ್ತದೆ, ಬುಡ ಸವೆದ ಬಣವೆ ಬೇಲಿಯ ಮೇಲೇ ಉರುಳುತ್ತದೆ. ತಿಂದದ್ದಕ್ಕಿಂತ ತುಳಿದು, ಉಚ್ಚೆ ಹೊಯ್ದು ಕೆಡಿಸಿದ್ದೇ ಹೆಚ್ಚು. ಆ ಹುಲ್ಲನ್ನು ದನ ಮೂಸುತ್ತವೆ, ಮುಟ್ಟುವುದಿಲ್ಲ. ಇನ್ನೊಂದು, ಜಾಗ. ಗಾಳಿ ಹಿಮವನ್ನು ತಂದು ಗುಡ್ಡೆ ಹಾಕುವ ಕಡೆ ಕಟ್ಟಿದರೆ ಫೆಬ್ರವರಿಗೆ ನಾಲ್ಕಡಿ ಹಿಮ ಕೂತು ಎಂಟಡಿ ಬೇಲಿ ನಾಲ್ಕಡಿಗೆ ಇಳಿದಿರುತ್ತದೆ. ಹಾಗೆ ಒಮ್ಮೆ ರುಚಿ ಕಂಡ ಹಿಂಡು ಮುಂದಿನ ವರ್ಷ ಮರಿಗಳನ್ನೂ ಕರೆದುಕೊಂಡು ಬರುತ್ತದೆ.

ಜಮೀನಿನ ಉಳಿದ ಬೇಲಿ ದನ ತಡೆದರೆ ಸಾಕು. ಮೇಲಿನ ತಂತಿ 40 ಇಂಚು, ಹೆಚ್ಚೆಂದರೆ 42. ಕೆಳಗಿನದು ನೆಲದಿಂದ 16–18 ಇಂಚು ಮೇಲೆ. ಇವೆರಡೂ ಮುಳ್ಳಿಲ್ಲದ ತಂತಿ. ಮುಖ್ಯ ಅಳತೆ ಬೇರೆಯೇ ಇದೆ: ಮೇಲಿನ ಎರಡು ತಂತಿಗಳ ನಡುವೆ 12 ಇಂಚು. ಯಾಕೆ? ಎಲ್ಕ್ ಹಾರುವಾಗ ಮುಂಗಾಲು ದಾಟುತ್ತದೆ, ಹಿಂಗಾಲು ತಗ್ಗುತ್ತದೆ. ಪಾದ ಮೇಲಿನ ತಂತಿಯ ಕೆಳಗೆ ತೂರುತ್ತದೆ. ಮೈ ಭಾರಕ್ಕೆ ಎರಡು ತಂತಿ ಒಂದರ ಮೇಲೊಂದು ತಿರುಚಿಕೊಂಡು ಗೊರಸಿನ ಮೇಲ್ಭಾಗವನ್ನು ಇಕ್ಕಳದ ಹಾಗೆ ಹಿಡಿಯುತ್ತವೆ. ಒದ್ದಷ್ಟೂ ಬಿಗಿ. ಬೆಳಗ್ಗೆ ನೋಡಿದರೆ ತಲೆ ಕೆಳಗಾಗಿ ಬಿದ್ದ ಪ್ರಾಣಿ, ಕಿತ್ತುಬಂದ ಮೂರು ಗೂಟ. ತಾಯಿ ಹಾರಿ ಆಚೆ ಹೋಗಿ ಮರಿ ಈಚೆ ಉಳಿಯುವುದು ಇನ್ನೊಂದು ಪಾಡು. ಕೆಳಗಿನ 16 ಇಂಚು ಇರುವುದೇ ಆ ಮರಿ ನುಸುಳಲಿ ಅಂತ. ದನ ಇಲ್ಲದ ತಿಂಗಳಲ್ಲಿ ಗೇಟು ತೆರೆದಿಡಿ, ದಿನಾ ದಾಟುವ ಕಡೆ ತಂತಿ ಕಳಚಿ ನೆಲಕ್ಕೆ ಇಳಿಸಿ. ಬಣವೆಗೆ ಬೇಲಿ, ಎಲ್ಕ್‌ಗೆ ದಾರಿ ಅಂದದ್ದು ಇದಕ್ಕೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ರೋಗಕ್ಕೆ ಬರುತ್ತೇನೆ. ಯೆಲ್ಲೊಸ್ಟೋನ್‌ನ ಕಾಡೆಮ್ಮೆಗಳಲ್ಲಿ, ಅಂದರೆ ಬೈಸನ್‌ಗಳಲ್ಲಿ, ಇದು ಕಂಡದ್ದು 1917ರಲ್ಲಿ. ಕಾಡಿಗೆ ಕೊಟ್ಟದ್ದು ದನಗಳೇ. ಕೊಟ್ಟ ಸಾಲ ಈಗ ವಾಪಸ್ ಬರುತ್ತಿದೆ: ದನಕ್ಕೆ ಇತ್ತೀಚೆಗೆ ತಗುಲಿದ ಪ್ರಕರಣಗಳ ಮೂಲ ಎಲ್ಕ್ ಅಂತ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2017ರ ವರದಿ ಹೇಳಿತು. 2008ರಲ್ಲಿ ಮೊಂಟಾನಾ ‘ರೋಗಮುಕ್ತ’ ಪಟ್ಟ ಕಳೆದುಕೊಂಡು ಮರುವರ್ಷ ಮರಳಿ ಪಡೆಯಿತು. ಈಗ ಇಡೀ ರಾಜ್ಯಕ್ಕೆ ಶಿಕ್ಷೆಯಿಲ್ಲ, ರೋಗವಿರುವ ಎಲ್ಕ್ ಓಡಾಡುವ ನಿಗಾ ವಲಯದ ದನಗಳನ್ನು ಹೊರಗೆ ಸಾಗಿಸುವ ಮುಂಚೆ ರಕ್ತಪರೀಕ್ಷೆ.

ಅಪಾಯ ವರ್ಷವಿಡೀ ಇಲ್ಲ. ಎಲ್ಕ್ ಕಂದು ಹಾಕುವುದು, ಈಯುವುದು ಎಲ್ಲ ಫೆಬ್ರವರಿಯಿಂದ ಜೂನ್ ನಡುವಿನವರೆಗೆ. ಬಿದ್ದ ಕಂದು, ಮಾಸು, ದ್ರವ, ಇವನ್ನು ಹಸು ಮೂಸಿ ನೆಕ್ಕಿದರೆ ಮುಗಿಯಿತು. ಅಷ್ಟು ತಿಂಗಳು ದನವನ್ನು ಮನೆ ಹತ್ತಿರ ಇಡಿ, ಅವತ್ತೇ ತಿಂದು ಮುಗಿಸುವಷ್ಟು ಮಾತ್ರ ಹುಲ್ಲು ಹರಡಿ. ಎಲ್ಕ್ ಈಯುವ ಗುಡ್ಡಕ್ಕೆ ದನವನ್ನು ಜೂನ್ ಅರ್ಧ ಕಳೆದ ಮೇಲೆ ಹೊಡೆದುಕೊಂಡು ಹೋಗಿ. ಆ ತಿಂಗಳುಗಳಲ್ಲಿ ಕಯೋಟಿಗಳಿಗೆ ಗುಂಡು ಹಾರಿಸಬೇಡಿ. ನರಿಯ ಹಾಗಿನ ಪ್ರಾಣಿ ಅದು. ಅದೂ ಕಾಗೆ ಹದ್ದುಗಳೂ ಬಿದ್ದ ಕಂದನ್ನು ಬೇಗ ತಿಂದು ಮುಗಿಸುತ್ತವೆ. ನೆಲ ತೊಳೆಯುವ ಕೂಲಿ ಉಳಿಯಿತು. ತಣ್ಣಗಿನ ನೆರಳಲ್ಲಿ ಬಿಟ್ಟರೆ ಅದರಲ್ಲಿ ಬ್ಯಾಕ್ಟೀರಿಯಾ ವಾರಗಟ್ಟಲೆ ಬದುಕಿರುತ್ತದೆ.

ಲಸಿಕೆ: ಅಲ್ಲಿ ಹೆಣ್ಣುಕರುಗಳಿಗೆ ಆರ್‌ಬಿ-51. ಅದು ರಕ್ತಪರೀಕ್ಷೆಯನ್ನು ಗೊಂದಲ ಮಾಡುವುದಿಲ್ಲ ಅಂತ 1996ರಲ್ಲಿ ಹಳೇ ಲಸಿಕೆ ಎಸ್-19 ಬಿಟ್ಟರು. ನಾವು 2019ರ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4–8 ತಿಂಗಳ ಹೆಣ್ಣುಕರುಗಳಿಗೆ ಕೊಡುವುದು ಅದೇ ಎಸ್-19. ಯಾವುದಾದರೂ ಕಂದು ಹಾಕುವುದನ್ನು ತಗ್ಗಿಸುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ.

ವಯೋಮಿಂಗ್‌ನ ಮೇವಿನ ತಾಣಗಳಿಗೆ ಬರುತ್ತೇನೆ ಅಂದಿದ್ದೆ. ಅಲ್ಲಿ ಸುಮಾರು ಮೂರು ದಶಕ ಎಲ್ಕ್‌ಗಳಿಗೆ ಗಾಳಿಬಂದೂಕಿನಿಂದ ಲಸಿಕೆ ಹೊಡೆದರು, ಫಲ ಕಾಣದೆ ನಿಲ್ಲಿಸಿದರು. ಬೇಟೆ ಬಿಡದ ಒಂದು ರಾಂಚ್ ಇದ್ದರೆ ಸುತ್ತಲ ಎಲ್ಕ್ ಎಲ್ಲ ಅಲ್ಲೇ ಸೇರಿಕೊಳ್ಳುವ ತಾಪತ್ರಯ, ಎಲ್ಕ್‌ಗೆ ಜಾಗ ಬಿಟ್ಟ ರಾಂಚಿನವರಿಗೆ ಸಂರಕ್ಷಣಾ ಸಂಸ್ಥೆಗಳು ಬಾಡಿಗೆ ಕೊಡುವ ಕರಾರು, ಇವೆರಡೂ ಟಿಪ್ಪಣಿಯಲ್ಲೇ ಉಳಿದವು. ಪ್ರಶ್ನೆ ಕೇಳಿದರೆ ಹೇಳುತ್ತೇನೆ.

ಚೀಟಿ ಬಂತು. ಒಂದೇ ಮಾತು. ಹೊಲದಲ್ಲಿ ಬಿದ್ದ ಕಂದನ್ನು, ಎಲ್ಕ್‌ದಾಗಲಿ ನಿಮ್ಮ ಹಸುವಿನದಾಗಲಿ, ಬರಿಗೈಯಲ್ಲಿ ಎತ್ತಬೇಡಿ. ವಾರಗಟ್ಟಲೆ ಬಂದುಹೋಗುವ ಜ್ವರ, ಕೀಲುನೋವು ನಿಮಗೇ ಹತ್ತುತ್ತದೆ. ಮೊಣಕೈ ದಾಟುವ ಕೈಗವಸು ಹಾಕಿ, ನಾಯಿಯನ್ನು ಕಟ್ಟಿ, ಮೊದಲು ವೈದ್ಯರಿಗೆ ಫೋನ್ ಮಾಡಿ.