ಮೈಲುತುತ್ತದ ಹೊಟ್ಟೆಯಲ್ಲಿರುವ ನೀರು

ನಮಸ್ಕಾರ. ಚಿಕ್ಕಬಳ್ಳಾಪುರ ಕಡೆ ದ್ರಾಕ್ಷಿ ತೋಟ ಇಟ್ಟಿರುವವರೇ ಜಾಸ್ತಿ ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ಬೂಷ್ಟು ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ನಿಮಗೆ ನಾನು ಹೇಳಿಕೊಡಬೇಕಿಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳು), 1 ಕೆಜಿ ಸುಣ್ಣ. ನಾನು ಹೇಳುವುದು ಒಂದೇ ಮಾತು: ಆ ಹರಳಿನೊಳಗೆ ನೀರಿದೆ. ಮುಟ್ಟಿದರೆ ಒಣಗಿದೆ, ಅಲ್ಲಾಡಿಸಿದರೆ ಕಲ್ಲುಸಕ್ಕರೆ ಥರ ಸದ್ದು ಮಾಡುತ್ತದೆ, ಆದರೂ 1 ಕೆಜಿಯಲ್ಲಿ ಸುಮಾರು 360 ಗ್ರಾಂ ನೀರೇ!

ಒಮ್ಮೆ ಒಬ್ಬ ರೈತರು ಕಾಲೇಜಿಗೆ ಬಂದು ನನ್ನ ಮೇಜಿನ ಮೇಲೆ ಪೊಟ್ಟಣ ಇಟ್ಟರು. "ಮೇಷ್ಟ್ರೇ, ಅಂಗಡಿಯವನು ಮೋಸ ಮಾಡಿದ. ಮೈಲುತುತ್ತ ಕೇಳಿದರೆ ಇದನ್ನು ಕೊಟ್ಟಿದ್ದಾನೆ." ಬಿಚ್ಚಿದರೆ ಬೂದಿ ಬೆರೆತಂಥ ಬಿಳಿ ಪುಡಿ. ಕೆದಕಿ ಕೇಳಿದ ಮೇಲೆ ಗೊತ್ತಾಯಿತು, ಚೀಲ ಮಳೆಗೆ ನೆಂದಿತ್ತಂತೆ, ಒಣಗಲಿ ಅಂತ ಹಳೇ ಮಡಕೆಗೆ ಹಾಕಿ ರಾಗಿ ಹುರಿದ ಹಾಗೆ ಹುರಿದಿದ್ದಾರೆ. (ಆ ಮಡಕೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ, ವಿಷ ಅದು.) ನಾನು ಸುಮ್ನೆ ಎರಡು ಹನಿ ನೀರು ಬಿಟ್ಟೆ. ಪುಡಿ ಬೆಚ್ಚಗಾಗಿ ಕಣ್ಣೆದುರೇ ನೀಲಿಗೆ ತಿರುಗಿತು. ಅವರು ಬೆರಳಿಟ್ಟು ನೋಡಿ, "ಇನ್ನೆರಡು ಹನಿ ಬಿಡಿ ಮೇಷ್ಟ್ರೇ" ಅಂದರು. ಬಿಟ್ಟೆ. ಪೂರ್ತಿ ಪೊಟ್ಟಣ ನೀಲಿ ಆಗುವವರೆಗೂ ಇಬ್ಬರೂ ಅದೇ ಕೆಲಸ ಮಾಡಿದೆವು, ಪಾಠದ ಗಂಟೆ ಹೊಡೆದದ್ದೂ ಕೇಳಲಿಲ್ಲ. ಅಂಗಡಿಯವನದು ತಪ್ಪಿರಲಿಲ್ಲ, ನೀರು ಹೋಗಿತ್ತು, ಅಷ್ಟೇ. ಆದರೆ ಆ ಬಿಳಿ ಪುಡಿಯನ್ನೇ 1 ಕೆಜಿ ತೂಗಿ ಹಾಕಿದ್ದರೆ ತಾಮ್ರ ಒಂದೂವರೆ ಪಟ್ಟಿಗಿಂತ ಜಾಸ್ತಿ ಬೀಳುತ್ತಿತ್ತು.

ಈಗ ಆಸಿಡ್ ವಿಷಯ, ಬೇಗ ಹೇಳಿಬಿಡುತ್ತೇನೆ. ಬೇಗ ಕರಗಲಿ ಅಂತ ಬ್ಯಾಟರಿ ಆಸಿಡ್ ಹಾಕಬಹುದಾ ಅಂತ ಆಗಾಗ ಕೇಳುತ್ತೀರಿ. ಬೇಡ ಅಂದ್ರೆ ಬೇಡ. ಅದು ಗಂಧಕಾಮ್ಲ. ಮೈಲುತುತ್ತದಲ್ಲಿ ಇರುವ ಸಲ್ಫೇಟೇ ಅದರಲ್ಲೂ ಇದೆ, ಆಸಿಡ್ ಜಾಸ್ತಿಯಾದಷ್ಟೂ ಮೈಲುತುತ್ತ ಕಮ್ಮಿ ಕರಗುತ್ತದೆ. ಗಟ್ಟಿ ದ್ರಾವಣಕ್ಕೆ ಸುರಿದರೆ ಕರಗಿದ್ದೂ ಹರಳಾಗಿ ಕೆಳಗೆ ಕೂರುತ್ತದೆ. ಆಸಿಡ್ ಇನ್ನೂ ಏರಿಸಿದರೆ ಅದು ಹರಳಿನ ಹೊಟ್ಟೆಯ ನೀರಿಗೇ ಕೈಹಾಕುತ್ತದೆ: ಒಂದೊಂದು ತಾಮ್ರದ ಸಲ್ಫೇಟಿಗೆ ಐದು ನೀರಿನ ಅಣು ಇರುವ ನೀಲಿ ಹರಳು ಮೂರಕ್ಕೆ ಇಳಿಯುತ್ತದೆ, ಆಮೇಲೆ ಒಂದಕ್ಕೆ, ಕೊನೆಗೆ ಅದೇ ಬಿಳಿ ಪುಡಿ. ಒಲೆಯೂ ಬೇಡ, ಮಡಕೆಯೂ ಬೇಡ!

ಬೇಗ ಕರಗಬೇಕಾ? ರಾತ್ರಿಯೇ ಹರಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಪ್ಲಾಸ್ಟಿಕ್ ಡ್ರಮ್ಮಿನ ನೀರಿನಲ್ಲಿ ಮೇಲ್ಗಡೆಯೇ ಮುಳುಗುವ ಹಾಗೆ ನೇತುಹಾಕಿ. ಕಬ್ಬಿಣದ ಡ್ರಮ್ ಬೇಡ, ತಾಮ್ರವೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಬೆಳಗ್ಗೆ ಎದ್ದು ನೋಡಿ, ಬಟ್ಟೆ ಖಾಲಿ ಇರುತ್ತದೆ.